ಬೆಳಗಿನ ಹಾಲು, ಹಿಡಿದ ಸೊಂಟ, ಹದಿನೈದು ದಿನಕ್ಕೊಂದು ಸೂಜಿ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ನಾನು ಮಂಡ್ಯ ಜಿಲ್ಲೆ, ನಾಗಮಂಗಲ ತಾಲ್ಲೂಕು, ಹೊಣಕೆರೆ ಹೋಬಳಿಯವನು. ಹೊಣಕೆರೆಯಿಂದ ಸ್ವಲ್ಪ ಒಳಗಿರೋ ಒಂದು ಹಳ್ಳಿಯಲ್ಲಿ ಹಾಲಿನ ಡೇರಿ ಸೆಕ್ರೆಟರಿ. ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಇಪ್ಪತ್ತು ವರ್ಷದ ಹತ್ತಿರ ಒಂದು ಕಾಯಿಲೆ ಜೊತೆ ಬದುಕಿರೋ ಮನುಷ್ಯ, ಅಷ್ಟೆ. ಅದರ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆಯ ಉರಿಯೂತ. ಹೆಸರು ನಮ್ಮವ್ವನ ಬಾಯಿಗೆ ಇವತ್ತಿಗೂ ಬರಲ್ಲ. ‘ನನ್ನ ಮಗನ ಸೊಂಟದ ಕಾಯಿಲೆ’ ಅಂತಾಳೆ.

ಇವತ್ತು ಮಾತಾಡೋಕೆ ಒಪ್ಪಿದ್ದಕ್ಕೆ ಒಂದು ಕಾರಣ ಇದೆ. ನಮ್ಮಕ್ಕನ ಮಗ, ಹತ್ತೊಂಬತ್ತು ವರ್ಷದ ಹುಡುಗ, ಹೋದ ವರ್ಷ ಹಬ್ಬಕ್ಕೆ ಬಂದಾಗ ಬೆಳಗ್ಗೆ ಎದ್ದು ಕುಂಟ್ತಾ ಇದ್ದ. ಪೊಲೀಸ್ ಕಾನ್ಸ್‌ಟೇಬಲ್ ಆಯ್ಕೆಗೆ ಅಂತ ದಿನಾ ಓಡ್ತಿದ್ದವನು. ‘ಏನ್ಲಾ?’ ಅಂದೆ. ‘ಹಿಮ್ಮಡಿ ನೋವು ಮಾವ, ಓಡಿ ಓಡಿ ಹಂಗಾಗದೆ’ ಅಂದ. ಆ ಮಾತು ನಾನೂ ಒಂದು ಕಾಲದಲ್ಲಿ ಹೇಳಿದ್ದೆ. ಅವನ ವಿಷಯಕ್ಕೆ ಕೊನೆಗೆ ಬರ್ತೀನಿ.

2006ರಲ್ಲಿ ನನಗೆ ಇಪ್ಪತ್ತು ವರ್ಷ. ಆ ವರ್ಷ ನಿಮಗೆ ನೆನಪಿರಬಹುದು, ಚಿಕೂನ್‌ಗುನ್ಯ. ಇಡೀ ದೇಶದಲ್ಲಿ ಅತಿ ಹೆಚ್ಚು ಶಂಕಿತ ಪ್ರಕರಣ ಕಂಡಿದ್ದು ನಮ್ಮ ಕರ್ನಾಟಕದಲ್ಲೇ, ಏಳು ಲಕ್ಷ ದಾಟಿತ್ತು. ಊರಲ್ಲಿ ಮನೆಗೊಬ್ಬರು ಕೋಲು ಹಿಡಿದು ನಡೀತಿದ್ರು. ಅದೇ ಹೊತ್ತಿಗೆ ನನ್ನ ಬಲಮಂಡಿ ಊದಿಕೊಂಡಿತು. ನನಗೂ ಅದೇ ಬಂದಿದೆ ಅಂತ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ವರ್ಷದೊಳಗೆ ಬಹಳ ಜನ ಕೋಲು ಬಿಸಾಕಿದ್ರು. ನನ್ನ ಮಂಡಿ ಇಳೀಲಿಲ್ಲ. ನನಗೆ ಜ್ವರಾನೇ ಬಂದಿರಲಿಲ್ಲ. ಅದನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಹಿಮ್ಮಡಿ. ಬೆಳಗ್ಗೆ ಎದ್ದು ಕಾಲು ಊರಿದರೆ ಮುಳ್ಳು ತುಳಿದಂಗೆ. ಆಮೇಲೆ ಸೊಂಟ. ಒಂದು ವಾರ ಎಡಗಡೆ ಕುಂಡೆ ನೋವು, ಇನ್ನೊಂದು ವಾರ ಬಲಗಡೆ. ರಾತ್ರಿ ಮೂರು ಗಂಟೆಗೆ ನೋವಿಗೇ ಎಚ್ಚರ ಆಗೋದು. ಮಗ್ಗುಲು ಬದಲಿಸೋಕೆ ಮಂಚಕ್ಕೆ ಒಂದು ಹಗ್ಗ ಕಟ್ಟಿಕೊಂಡಿದ್ದೆ, ಅದನ್ನ ಹಿಡಿದು ಹೊರಳಬೇಕು.

ಡೇರಿ ಕೆಲಸ ಸಿಕ್ಕಿದ ಮೇಲೆ ಪಜೀತಿ ಜಾಸ್ತಿಯಾಯಿತು. ಬೆಳಗ್ಗೆ ಆರಕ್ಕೆ ಜನ ಹಾಲು ತಂದು ನಿಂತಿರ್ತಾರೆ. ಬಾಗಿಲು ತೆಗೀಬೇಕು, ಅಳೀಬೇಕು, ಲ್ಯಾಕ್ಟೋಮೀಟರ್ ಬಿಟ್ಟು ನೋಡಬೇಕು, ಬರೀಬೇಕು. ನನ್ನ ಸೊಂಟ ಬಗ್ಗಬೇಕಾದರೆ ಎಂಟು ಗಂಟೆ ಆಗಬೇಕು! ಅವ್ವ ನಾಲ್ಕೂವರೆಗೇ ಹಂಡೆಗೆ ಉರಿ ಹಾಕಿ ನೀರು ಕಾಯಿಸೋಳು. ಬಿಸಿನೀರು ಸುರ್ಕೊಂಡು, ಜಗುಲಿ ಉದ್ದಕ್ಕೂ ಓಡಾಡಿ, ಮೈ ಸಡಿಲ ಮಾಡಿಕೊಂಡು ಹೋಗ್ತಿದ್ದೆ. ವಿಚಿತ್ರ ಏನಂದ್ರೆ ಕ್ಯಾನು ಎತ್ತಿ ಇಳಿಸಿ ಒಂಬತ್ತು ಗಂಟೆ ಹೊತ್ತಿಗೆ ನಾನು ಸರಿಹೋಗ್ತಿದ್ದೆ. ಅದಕ್ಕೇ ಜನ ‘ಇವನದು ಬೆಳಗ್ಗೆ ಮಾತ್ರ ನೋವು, ಸೋಮಾರಿ ನೋವು’ ಅಂತ ನಗೋರು.

ಅವರು ಗೊತ್ತಿಲ್ಲದೇ ಸರಿಯಾದ ಲಕ್ಷಣಾನೇ ಹೇಳ್ತಿದ್ರು. ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಭಾರ ಎತ್ತಿ ಬಂದ ಸೊಂಟನೋವು ಮಲಗಿದರೆ ಕಡಿಮೆ ಆಗುತ್ತೆ. ಉರಿಯೂತದ ಸೊಂಟನೋವು ಮಲಗಿದರೆ ಜಾಸ್ತಿ ಆಗುತ್ತೆ, ಓಡಾಡಿದರೆ ಕಡಿಮೆ ಆಗುತ್ತೆ. ನಲವತ್ತೈದು ವರ್ಷದ ಒಳಗೆ, ಹೆಚ್ಚಾಗಿ ಇಪ್ಪತ್ತರ ಆಸುಪಾಸಿನಲ್ಲಿ ನಿಧಾನವಾಗಿ ಶುರುವಾಗುತ್ತೆ. ಮೂರು ತಿಂಗಳು ದಾಟಿದರೂ ಹೋಗಲ್ಲ. ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುತ್ತೆ. ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸೊಂಟ ಹಿಡಿದಿರುತ್ತೆ. ಇದರ ಜೊತೆಗೆ ಒಂದು ಮಂಡಿಯೋ, ಹರಡೋ ಊದಿಕೊಂಡಿದ್ದರೆ, ಹಿಮ್ಮಡಿ ನೋಯ್ತಿದ್ದರೆ, ಅನುಮಾನ ಪಡಲೇಬೇಕು.

ನಾನು ಪಡಲಿಲ್ಲ. ಎಂಟು ವರ್ಷ ಅಲೆದೆ. ಉಳುಕು ತೆಗೆಸಿದೆ, ಎಣ್ಣೆ ತಿಕ್ಕಿಸಿದೆ. ಒಬ್ಬರು ಡಿಸ್ಕ್ ಜರುಗಿದೆ ಅಂತ ಒಂದು ತಿಂಗಳು ಅಲ್ಲಾಡದೆ ಮಲಗಿಸಿದ್ರು. ಆ ತಿಂಗಳು ನಾನು ಪಟ್ಟ ಪಾಡು ಹಗೆಗೂ ಬೇಡ. ಇನ್ನೊಬ್ಬರು ಪೊಟ್ಟಣದಲ್ಲಿ ಪುಡಿ ಕೊಟ್ಟರು. ಮೂರು ತಿಂಗಳು ಸ್ವರ್ಗ! ಆಮೇಲೆ ಮುಖ ಬೋಂಡದಂಗೆ ಊದಿಕೊಂಡಿತು. ಅದರಲ್ಲಿ ಸ್ಟೀರಾಯ್ಡ್ ಇದ್ದಿರಬೇಕು ಅಂತ ಆಮೇಲೆ ಡಾಕ್ಟರು ಹೇಳಿದ್ರು. ನನ್ನೊಬ್ಬನ ಕಥೆ ಅಲ್ಲ ಇದು. ಈ ಕಾಯಿಲೆ ಗೊತ್ತಾಗೋಕೆ ಸರಾಸರಿ ಆರೇಳು ವರ್ಷ ಹಿಡಿಯುತ್ತೆ, ಮುಂದುವರಿದ ದೇಶಗಳಲ್ಲೂ.

ಕೊನೆಗೆ ನನ್ನ ಸೊಂಟದ ಕಾಯಿಲೆ ಕಂಡುಹಿಡಿದಿದ್ದು ಯಾರು ಗೊತ್ತಾ? ಕಣ್ಣಿನ ಡಾಕ್ಟರು. 2014ರಲ್ಲಿ ಒಂದು ದಿನ ಎಡಗಣ್ಣು ಕೆಂಡದಂಗಾಯಿತು. ಬೆಳಕು ನೋಡೋಕಾಗ್ತಿರಲಿಲ್ಲ. ಮದ್ರಾಸ್ ಐ ಅಂತ ಡ್ರಾಪ್ಸ್ ಹಾಕಿಕೊಂಡು ಎರಡು ದಿನ ಕಳೆದೆ, ಕಡಿಮೆ ಆಗಲಿಲ್ಲ. ಆ ಅಮ್ಮ ಕಣ್ಣು ನೋಡಿ, ‘ಬೆಳಗ್ಗೆ ಹೊತ್ತು ಸೊಂಟ ಹಿಡ್ಕೊಳ್ಳುತ್ತಾ?’ ಅಂತ ಕೇಳಿದ್ರು. ನನಗೆ ಮೈ ಜುಮ್ಮೆಂದಿತು. ಕಣ್ಣಿಗೂ ಸೊಂಟಕ್ಕೂ ಏನು ಸಂಬಂಧ? ಇದೆ. ಯೂವಿಯೈಟಿಸ್ ಅಂತಾರೆ, ಕಣ್ಣಿನ ಮಧ್ಯಪದರದ ಉರಿಯೂತ. ಈ ಕಾಯಿಲೆ ಇರೋರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಸಲ ಬರುತ್ತೆ. ತಡ ಮಾಡಿದರೆ ದೃಷ್ಟಿಗೇ ಕುತ್ತು.

ಅವರು ಬೆಂಗಳೂರಿಗೆ ಕಳಿಸಿದ್ರು, ರುಮಟಾಲಜಿಸ್ಟ್ ಹತ್ತಿರ. ಮೂಳೆ ಡಾಕ್ಟರು ಬೇರೆ, ಇವರು ಬೇರೆ ಅನ್ನೋದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೆನ್ನುಮೂಳೆ ಬಂದು ಸೊಂಟದ ಮೂಳೆಗೆ ಸೇರೋ ಕೀಲಿನ ಎಕ್ಸ್‌ರೇ ತೆಗೆಸಿದ್ರು. ಎರಡೂ ಕಡೆ ಸವೆದಿತ್ತು. ರಕ್ತದಲ್ಲಿ ಎಚ್‌ಎಲ್‌ಎ-ಬಿ27 ಪಾಸಿಟಿವ್. ಈ ಬಿ27ಕ್ಕೂ ಕಾಯಿಲೆಗೂ ನಂಟಿದೆ ಅಂತ ತಿಳಿದಿದ್ದು 1973ರಲ್ಲಿ. ಆದರೆ ಒಂದು ಮಾತು. ಕಾಯಿಲೆ ಇರೋರಲ್ಲಿ ಬಹುಪಾಲು ಜನಕ್ಕೆ ಬಿ27 ಇರುತ್ತೆ ನಿಜ. ಬಿ27 ಇರೋರಲ್ಲಿ ಬಹುಪಾಲು ಜನಕ್ಕೆ ಕಾಯಿಲೆ ಯಾವತ್ತೂ ಬರಲ್ಲ. ಅದಕ್ಕೇ ನೋವಿಲ್ಲದ ಮಕ್ಕಳಿಗೆಲ್ಲ ಈ ಪರೀಕ್ಷೆ ಮಾಡಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಚಿಕಿತ್ಸೆ ಸೂಜಿಯಿಂದ ಶುರುವಾಗಲ್ಲ. ಮೊದಲು ವ್ಯಾಯಾಮ ಮತ್ತೆ ಉರಿಯೂತ ಇಳಿಸೋ ಮಾತ್ರೆ. ಎಷ್ಟೋ ಜನಕ್ಕೆ ಇಷ್ಟೇ ಸಾಕು. ನನಗೆ ಒಂದು ಮಾತ್ರೆ ಸಾಲಲಿಲ್ಲ, ಇನ್ನೊಂದು ಕೊಟ್ಟರು, ಅದೂ ಸಾಲಲಿಲ್ಲ. ಮಂಡಿಗೆ ಅಂತ ಸಲ್ಫಾಸಲಜೀನ್ ಸೇರಿಸಿದ್ರು. ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಮಾತ್ರೆ ಮಂಡಿ, ಹರಡು ಇಂಥ ಹೊರಗಿನ ಕೀಲುಗಳಿಗೆ ಅಷ್ಟಿಷ್ಟು ಕೆಲಸ ಮಾಡುತ್ತೆ, ಬೆನ್ನುಮೂಳೆಗೆ ಮಾಡಲ್ಲ. ನನ್ನ ಮಂಡಿ ಸ್ವಲ್ಪ ಇಳೀತು, ಸೊಂಟ ಇದ್ದಂಗೇ ಇತ್ತು. ಮಂಡಿಯಿಂದ ನೀರು ತೆಗೆದು ಒಳಗೆ ಒಂದು ಇಂಜೆಕ್ಷನ್ ಕೂಡ ಕೊಟ್ಟರು. ಎರಡು ತಿಂಗಳು ಚೆನ್ನಾಗಿತ್ತು, ಮತ್ತೆ ಊದಿತು.

ಆಗ, 2016ರಲ್ಲಿ, ಡಾಕ್ಟರು ‘ಬಯಾಲಜಿಕ್’ ಅಂದ್ರು.

ನನಗೆ ಅರ್ಥ ಆಗಿದ್ದನ್ನ ಡೇರಿ ಭಾಷೆಯಲ್ಲೇ ಹೇಳ್ತೀನಿ. ಮಾಮೂಲಿ ಮಾತ್ರೆ ಸಕ್ಕರೆ ಇದ್ದಂಗೆ. ಮಂಡ್ಯದ ಸಕ್ಕರೆ ಆದರೂ ಅಷ್ಟೆ, ಬೇರೆ ಊರಿನ ಸಕ್ಕರೆ ಆದರೂ ಅಷ್ಟೆ, ಒಂದೇ ವಸ್ತು. ಬಯಾಲಜಿಕ್ ಮೊಸರು ಇದ್ದಂಗೆ. ಜೀವ ಇರೋ ಕಣಗಳು ಅದನ್ನ ಮಾಡಬೇಕು. ಜೀವಕೋಶಗಳನ್ನ ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ, ಅವು ತಯಾರಿಸೋ ಪ್ರೋಟೀನನ್ನ ಸೋಸಿ ತೆಗೀತಾರೆ. ಪ್ರೋಟೀನ್ ಆದ್ದರಿಂದ ನುಂಗಿದರೆ ಹೊಟ್ಟೆಯಲ್ಲಿ ಜೀರ್ಣ ಆಗಿಬಿಡುತ್ತೆ. ಅದಕ್ಕೇ ಸೂಜಿ.

ನಮ್ಮ ದೇಹದಲ್ಲಿ ಟಿಎನ್‌ಎಫ್ ಅಂತ ಒಂದು ವಸ್ತು ಇದೆ. ರೋಗಾಣು ಬಂದಾಗ ಡಂಗುರ ಹೊಡೆದು ಎಲ್ಲರನ್ನೂ ಕರೆಯೋದು ಅದರ ಕೆಲಸ. ನನ್ನಂಥವರಲ್ಲಿ ಕಳ್ಳ ಬರದಿದ್ದರೂ ಡಂಗುರ ನಿಲ್ಲಲ್ಲ. ಈ ಸೂಜಿ ಹೋಗಿ ಡಂಗುರ ಹೊಡೆಯೋ ಕೈ ಹಿಡಿದುಕೊಳ್ಳುತ್ತೆ. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅನ್ನೋ ಇಬ್ಬರು ಇದನ್ನ ಮೊದಲು ಸಂಧಿವಾತದ ರೋಗಿಗಳಲ್ಲಿ ತೋರಿಸಿಕೊಟ್ಟರು. 2003ರಲ್ಲಿ ಅವರಿಗೆ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ ಬಂತು. ಆಮೇಲೆ ಇನ್‌ಫ್ಲಿಕ್ಸಿಮ್ಯಾಬ್, ಎಟನರ್ಸೆಪ್ಟ್, ಅಡಾಲಿಮುಮ್ಯಾಬ್ ಅಂತ ಒಂದೊಂದೇ ನಮ್ಮ ಕಾಯಿಲೆಗೂ ಬಂದವು. ಈಗ ಐಎಲ್-17 ಅನ್ನೋ ಇನ್ನೊಂದು ವಸ್ತುವನ್ನ ತಡೆಯೋ ಸೆಕ್ಯುಕಿನುಮ್ಯಾಬ್ ಕೂಡ ಇದೆ. ಯಾರಿಗೆ ಯಾವುದು ಅನ್ನೋದು ಲೆಕ್ಕಾಚಾರ. ಪದೇ ಪದೇ ಕಣ್ಣು ಕೆಂಪಾಗೋರಿಗೆ ಒಂದು ಸರಿಹೋಗುತ್ತೆ, ಕರುಳಿನ ಉರಿಯೂತ ಇರೋರಿಗೆ ಇನ್ನೊಂದು ಆಗಲ್ಲ. ನನಗೆ ಕಣ್ಣಿನ ತೊಂದರೆ ಇದ್ದಿದ್ದರಿಂದ ಅಡಾಲಿಮುಮ್ಯಾಬ್ ಆಯ್ಕೆ ಮಾಡಿದ್ರು. 40 ಮಿಲಿಗ್ರಾಂ, ಹದಿನೈದು ದಿನಕ್ಕೊಂದು, ಚರ್ಮದ ಅಡಿಗೆ.

ಬೆಲೆ ಕೇಳಿ ತಲೆ ತಿರುಗಿತು. ಆದರೆ ಆ ಹೊತ್ತಿಗೆ ಒಂದು ಬಾಗಿಲು ತೆರೆದಿತ್ತು. 2014ರ ಡಿಸೆಂಬರ್‌ನಲ್ಲಿ ಅಡಾಲಿಮುಮ್ಯಾಬ್‌ನ ಬಯೋಸಿಮಿಲರ್ ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ಬಂದಿದ್ದು ನಮ್ಮ ಭಾರತದಲ್ಲಿ, ಜೈಡಸ್ ಕಂಪನಿಯಿಂದ. ಬಯೋಸಿಮಿಲರ್ ಅಂದ್ರೆ ಪಕ್ಕದ ಮನೆಯಿಂದ ಹೆಪ್ಪು ತಂದು ನಮ್ಮನೇಲಿ ಮೊಸರು ಮಾಡಿದಂಗೆ. ತದ್ರೂಪು ಅಲ್ಲ, ಆದರೆ ರುಚಿ, ಗುಣ ಅದೇ ಅಂತ ಪರೀಕ್ಷೆ ಮಾಡಿ ಸಾಬೀತು ಮಾಡಿರಬೇಕು. ಬೆಲೆ ಕಡಿಮೆ. ಕಡಿಮೆ ಅಂದ್ರೂ ನನಗೆ ಆಗ ಒಂದು ಸೂಜಿಗೆ ಹತ್ತು ಸಾವಿರದ ಆಸುಪಾಸು ಬೀಳ್ತಿತ್ತು. ತಿಂಗಳಿಗೆ ಎರಡು. ಡೇರಿ ಸೆಕ್ರೆಟರಿ ಸಂಬಳ ನಿಮಗೇ ಗೊತ್ತು. ಎರಡು ಹಸು ಮಾರಿದೆವು.

ಸೂಜಿ ಹಾಕೋ ಮೊದಲು ಕೆಲವು ಪರೀಕ್ಷೆ ಕಡ್ಡಾಯ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಎಲ್ಲಕ್ಕಿಂತ ಮುಖ್ಯ ಟಿಬಿ. ಟಿಬಿ ರೋಗಾಣು ಎಷ್ಟೋ ಜನರ ಎದೆಯಲ್ಲಿ ಮಲಗಿರುತ್ತೆ. ದೇಹ ಅದರ ಸುತ್ತ ಗೋಡೆ ಕಟ್ಟಿ ಇಟ್ಟಿರುತ್ತೆ. ಆ ಗೋಡೆ ಕಾಯೋದರಲ್ಲಿ ಈ ಟಿಎನ್‌ಎಫ್ ಕೈ ಇದೆ. ಅದನ್ನ ತಡೆದರೆ ಗೋಡೆ ಬಿರುಕು ಬಿಡಬಹುದು. ನಮ್ಮ ಸೋದರಮಾವನಿಗೆ ಹಿಂದೆ ಟಿಬಿ ಆಗಿತ್ತು, ನಮ್ಮನೇಲೇ ಇದ್ದರು. ನನ್ನ ಎದೆ ಎಕ್ಸ್‌ರೇ ಚೆನ್ನಾಗಿತ್ತು, ಚರ್ಮದ ಪರೀಕ್ಷೆ ಪಾಸಿಟಿವ್ ಬಂತು. ಆರು ತಿಂಗಳು ಐಸೋನಿಯಜಿಡ್ ಮಾತ್ರೆ ತಗೋಬೇಕು, ಮೊದಲ ತಿಂಗಳು ಮುಗಿಯೋವರೆಗೂ ಸೂಜಿ ಇಲ್ಲ ಅಂದ್ರು. ಎಂಟು ವರ್ಷ ಕಾದವನಿಗೆ ಆ ಒಂದು ತಿಂಗಳು ಸಿಟ್ಟು ತರಿಸಿತು. ಆದರೆ ಯಾರಾದರೂ ಟಿಬಿ ಪರೀಕ್ಷೆ ಮಾಡದೇ ‘ಇವತ್ತೇ ಹಾಕ್ತೀನಿ ಬಾ’ ಅಂದ್ರೆ ದಯವಿಟ್ಟು ಎದ್ದು ಬನ್ನಿ.

ಮೊದಲ ಸೂಜಿ ಆಸ್ಪತ್ರೆಯಲ್ಲಿ. ಎರಡನೆಯದು ಆಗಿ ಒಂದು ವಾರ ಆಗಿರಬೇಕು. ಒಂದು ಬೆಳಗ್ಗೆ ಅವ್ವ ಬಂದು, ‘ಏನ್ಲಾ, ಇನ್ನೂ ಎದ್ದಿಲ್ವಾ, ಐದೂಮುಕ್ಕಾಲು!’ ಅಂದಳು. ರಾತ್ರಿ ಮೂರು ಗಂಟೆಗೆ ನನಗೆ ಎಚ್ಚರಾನೇ ಆಗಿರಲಿಲ್ಲ. ಹಗ್ಗ ಹಿಡೀದೇ ಎದ್ದೆ. ಬಿಸಿನೀರಿಗೂ ಕಾಯದೆ ಡೇರಿ ಬಾಗಿಲು ತೆಗೆದೆ. ಎರಡು ತಿಂಗಳಲ್ಲಿ ಮಂಡಿ ಊತ ಇಳೀತು, ಚಕ್ಕಳಮಕ್ಕಳ ಹಾಕಿ ಕೂತು ಉಂಡೆ. ಹಿಮ್ಮಡಿ ಮಾತ್ರ ತುಂಬಾ ನಿಧಾನ, ಆರು ತಿಂಗಳಾಯಿತು.

ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳೋಕೆ ಬರಲ್ಲ. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಈ ಔಷಧ ತಗೊಂಡವರಲ್ಲಿ ನೂರಕ್ಕೆ 58 ಜನಕ್ಕೆ ಹನ್ನೆರಡು ವಾರದಲ್ಲಿ ಗಣನೀಯ ಅನ್ನುವಷ್ಟು ಗುಣ ಕಂಡಿತು. ಔಷಧ ಇಲ್ಲದ ಸೂಜಿ ತಗೊಂಡವರಲ್ಲಿ 21 ಜನಕ್ಕೆ. ಅಂದ್ರೆ ಕೆಲಸ ಮಾಡುತ್ತೆ, ಎಲ್ಲರಿಗೂ ಅಲ್ಲ. ಮೂರು ತಿಂಗಳು ನೋಡಿ, ಗುಣ ಕಾಣದಿದ್ದರೆ ಬೇರೆಯದಕ್ಕೆ ಬದಲಿಸ್ತಾರೆ. ಇನ್ನೊಂದು ವಿಷಯ, ಆಗಲೇ ಬೆಸೆದುಹೋಗಿರೋ ಮೂಳೆಯನ್ನ ಯಾವ ಸೂಜಿಯೂ ಬಿಡಿಸಲ್ಲ. ನನ್ನ ಕುತ್ತಿಗೆ ಇವತ್ತಿಗೂ ಪೂರ್ತಿ ತಿರುಗಲ್ಲ. ಹಿಂದೆ ಬಸ್ ಬಂದರೆ ಮೈಯೆಲ್ಲ ತಿರುಗಿಸಿ ನೋಡ್ತೀನಿ. ಕಳೆದ ಎಂಟು ವರ್ಷದ ಬಡ್ಡಿ ಅದು.

ನಮ್ಮನೆ ಒಂದು ಕಥೆ ಹೇಳಲೇಬೇಕು. ಈ ಸೂಜಿಯನ್ನ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬೆಂಗಳೂರಿಂದ ಬೆಳ್ಳೂರು ಕ್ರಾಸ್, ಅಲ್ಲಿಂದ ನಾಗಮಂಗಲ, ಅಲ್ಲಿಂದ ಊರು. ಅಷ್ಟು ದೂರ ಥರ್ಮಾಕೋಲ್ ಡಬ್ಬಿಯನ್ನ ಮಗು ಥರ ತೊಡೆ ಮೇಲೆ ಇಟ್ಟುಕೊಂಡು ತರ್ತಿದ್ದೆ. ಒಂದು ಸಲ ಕರೆಂಟ್ ಪದೇ ಪದೇ ಹೋಗ್ತಿತ್ತು. ಅವ್ವನಿಗೆ ಭಯ ಆಗಿ, ಹತ್ತು ಸಾವಿರದ ವಸ್ತು ಕೆಡಬಾರದು ಅಂತ ತೆಗೆದು ಫ್ರೀಜರ್ ಒಳಗಿಟ್ಟಳು. ಗಟ್ಟಿಯಾಯಿತು. ಹೆಪ್ಪುಗಟ್ಟಿದ ಮೇಲೆ ಕರಗಿಸಿದರೂ ಅದು ಔಷಧ ಅಲ್ಲ, ಬಿಸಾಕಬೇಕು. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ಅವಳದಲ್ಲ, ಹೇಳಿಕೊಡದ ನಂದು. ಈಗ ಫ್ರಿಜ್ ಮಧ್ಯದ ತಟ್ಟೆ, ಬಾಗಿಲಲ್ಲೂ ಇಡಲ್ಲ.

ಅದಕ್ಕಿಂತ ದೊಡ್ಡ ತಪ್ಪು ಮುಂದೆ ಮಾಡಿದೆ. ಎರಡು ವರ್ಷ ಚೆನ್ನಾಗಿದ್ದೆ. ಮದುವೆ ಆಯಿತು, ಮಗಳು ಹುಟ್ಟಿದಳು, ಖರ್ಚು ಏರಿತು. ನೋವೇ ಇಲ್ಲವಲ್ಲ ಅಂತ ಡಾಕ್ಟರಿಗೆ ಹೇಳದೇ ಸೂಜಿಯನ್ನ ಮೂರು ವಾರಕ್ಕೆ ಎಳೆದೆ, ಆಮೇಲೆ ತಿಂಗಳಿಗೆ, ಆಮೇಲೆ ನಿಲ್ಲಿಸಿಯೇಬಿಟ್ಟೆ. ನಾಲ್ಕು ತಿಂಗಳು ಏನೂ ಆಗಲಿಲ್ಲ. ಗೆದ್ದೆ ಅಂದುಕೊಂಡೆ. ಐದನೇ ತಿಂಗಳು ಮಂಡಿ ಊದಿತು, ಕಣ್ಣು ಕೆಂಪಾಯಿತು. ಮಗಳನ್ನ ಎತ್ತಿಕೊಳ್ಳೋಕಾಗದೆ ಹೆಂಡತಿ ಕೈಗೆ ಕೊಟ್ಟೆ. ಆ ದಿನ ನಾಚಿಕೆ ಆಯಿತು.

ಡಾಕ್ಟರು ಬೈಯಲಿಲ್ಲ. ‘ದುಡ್ಡಿಲ್ಲ ಅಂತ ಒಂದು ಮಾತು ಹೇಳಿದ್ದರೆ ಇಬ್ಬರೂ ಸೇರಿ ದಾರಿ ಹುಡುಕಬಹುದಿತ್ತಲ್ಲ’ ಅಂದ್ರು. ಈ ಔಷಧ ನಿಲ್ಲಿಸಿದರೆ ಬಹಳ ಜನಕ್ಕೆ ಕಾಯಿಲೆ ವಾಪಸ್ ಬರುತ್ತೆ. ಬಿಟ್ಟು ಬಿಟ್ಟು ತಗೊಂಡರೆ ದೇಹ ಔಷಧದ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಳ್ಳಬಹುದು, ಆಮೇಲೆ ಅದು ನಾಟಲ್ಲ. ಮೊದಲು ಎರಡು ಸೂಜಿಗೆ ಬಂದ ಗುಣ ಎರಡನೇ ಸಲ ಆರು ತಿಂಗಳು ತಗೊಂಡಿತು. ಈಗ ಕಾಯಿಲೆ ಹತೋಟಿಯಲ್ಲಿದೆ, ಅಂತರ ಮೂರು ವಾರ ಮಾಡಿದ್ದಾರೆ. ಅದೇ ಮೂರು ವಾರ! ವ್ಯತ್ಯಾಸ ಇಷ್ಟೇ, ಈಗ ರಕ್ತ ಪರೀಕ್ಷೆ ನೋಡಿ ಅವರು ಹೇಳಿದ್ದಾರೆ.

ಅಡ್ಡ ಪರಿಣಾಮದ ಬಗ್ಗೆ ಎರಡು ಮಾತು. ಸೋಂಕು ಸುಲಭವಾಗಿ ತಗಲಬಹುದು. ಜ್ವರ, ವಾರಗಟ್ಟಲೆ ಕೆಮ್ಮು, ಗಾಯದಲ್ಲಿ ಕೀವು ಇದ್ದರೆ ಆ ಸೂಜಿ ಮುಂದೆ ಹಾಕಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ಯಾವುದೇ ಲಸಿಕೆ, ಆಪರೇಷನ್ ಅಂದ್ರೆ ಮೊದಲೇ ತಿಳಿಸಿ. ಮತ್ತೆ ಬೀಡಿ, ಸಿಗರೇಟು. ಹೊಗೆ ಈ ಕಾಯಿಲೆಯಲ್ಲಿ ಬೆನ್ನುಮೂಳೆ ಬೇಗ ಬೆಸೆಯೋಕೆ ಸಹಾಯ ಮಾಡುತ್ತೆ. ಹತ್ತು ಸಾವಿರದ ಸೂಜಿ ಹಾಕಿಸಿಕೊಂಡು ಹತ್ತು ರೂಪಾಯಿ ಬೀಡಿ ಸೇದೋದು ಯಾವ ನ್ಯಾಯ? ನಾನು ಬಿಟ್ಟಿದ್ದು ಹಾಗೆ. ವ್ಯಾಯಾಮ ಮಾತ್ರ ಸೂಜಿ ಬಂದ ಮೇಲೂ ಬಿಡೋಹಾಗಿಲ್ಲ.

ಈಗ ಅಕ್ಕನ ಮಗನ ವಿಷಯ. ಡಾಕ್ಟರ ಹತ್ತಿರ ಹೋಗೋಣ ಅಂದೆ. ಅಕ್ಕ ನನ್ನ ಹಿತ್ತಲಿಗೆ ಕರೆದುಕೊಂಡು ಹೋಗಿ, ‘ಬ್ಯಾಡ ಕಣ್ಲಾ. ನಿನ್ ಕಾಯಿಲೆ ಇವನಿಗೂ ಅಂತ ಊರಿಗೆ ಗೊತ್ತಾದ್ರೆ ಕೆಲ್ಸಾನೂ ಇಲ್ಲ, ನಾಳೆ ಹೆಣ್ಣೂ ಕೊಡಕಿಲ್ಲ’ ಅಂದಳು. ನನಗೆ ಸಿಟ್ಟು ಬರಲಿಲ್ಲ. ಅವಳ ಭಯ ಸುಳ್ಳಲ್ಲ. ನಾನು ನನ್ನ ಕುತ್ತಿಗೆ ತೋರಿಸಿದೆ. ‘ಅಕ್ಕ, ಊರಿಗೆ ಗೊತ್ತಾಗದೇ ಇರೋಕೆ ನಾನೂ ಎಂಟು ವರ್ಷ ಸುಮ್ಮನಿದ್ದೆ. ಈಗ ನಾನು ಬಸ್ ನೋಡೋಕೆ ತಿರುಗಿದರೆ ಇಡೀ ಊರಿಗೇ ಗೊತ್ತಾಗುತ್ತೆ’ ಅಂದೆ. ಅವಳು ಮಾತಾಡಲಿಲ್ಲ. ವಾರ ಬಿಟ್ಟು ಫೋನ್ ಮಾಡಿ, ‘ಯಾವತ್ತು ಹೋಗೋದು?’ ಅಂದಳು.

ಅವನ ಎಕ್ಸ್‌ರೇ ಚೆನ್ನಾಗಿತ್ತು. ಎಕ್ಸ್‌ರೇಯಲ್ಲಿ ಕಾಣೋಕೆ ವರ್ಷಗಳೇ ಬೇಕು. ಎಂಆರ್‌ಐನಲ್ಲಿ ಉರಿಯೂತ ಕಾಣಿಸಿತು. ಸೂಜಿ ಬೇಕಾಗಿಲ್ಲ, ಸದ್ಯಕ್ಕೆ ಮಾತ್ರೆ ಮತ್ತೆ ವ್ಯಾಯಾಮ. ಹಿಮ್ಮಡಿ ಅರ್ಧ ಕಡಿಮೆ ಆಗಿದೆ. ಪೊಲೀಸ್ ಕೆಲಸ ಆಗುತ್ತಾ ಅಂತ ಅವನು ಕೇಳ್ತಾನೆ, ನನ್ನ ಹತ್ತಿರ ಉತ್ತರ ಇಲ್ಲ. ಇಂಗ್ಲೆಂಡಿನ ಮೈಕ್ ಅಥರ್ಟನ್‌ಗೂ ಇದೇ ಕಾಯಿಲೆ ಇತ್ತು ಅಂತ ಹೇಳಿದೆ. 1995ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 643 ನಿಮಿಷ ಕ್ರೀಸಿನಲ್ಲಿ ನಿಂತು 185 ಹೊಡೆದು ಟೆಸ್ಟ್ ಉಳಿಸಿದ ಮನುಷ್ಯ. ಹುಡುಗ ಆ ವಿಡಿಯೊ ಹುಡುಕಿ ನೋಡಿದ. ‘ನಿಂತೇ ಇದ್ದ, ಓಡಿದ್ದು ಕಡಿಮೆ ಮಾವ’ ಅಂದ. ನಕ್ಕೆವು.

ನಮ್ಮ ಭಾಗದವರಿಗೆ ಕೊನೆಯದಾಗಿ ಇಷ್ಟು. ಮೊದಲ ದಿನವೇ ಬೆಂಗಳೂರಿಗೆ ಓಡಬೇಕಾಗಿಲ್ಲ. ನಮ್ಮ ತಾಲ್ಲೂಕಿನಲ್ಲೇ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಮಂಡ್ಯದಲ್ಲಿ ಮಿಮ್ಸ್ ಇದೆ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಹೋಗಿ ಬರೀ ‘ಸೊಂಟನೋವು’ ಅನ್ನಬೇಡಿ. ಎಷ್ಟು ತಿಂಗಳಿಂದ, ಬೆಳಗ್ಗೆ ಎಷ್ಟು ಹೊತ್ತು ಹಿಡಿದಿರುತ್ತೆ, ಓಡಾಡಿದರೆ ಏನಾಗುತ್ತೆ, ಕಣ್ಣು ಯಾವಾಗಾದರೂ ಕೆಂಪಾಗಿತ್ತಾ, ಮನೇಲಿ ಯಾರಿಗಾದರೂ ಇದೆಯಾ, ಈ ಐದು ವಿಷಯ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸೂಜಿ ಬೇಕು ಅಂದ್ರೆ ಯಾವ ಯೋಜನೆಯಲ್ಲಿ ಸಹಾಯ ಸಿಗುತ್ತೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನ ಕೇಳಿ. ದುಡ್ಡಿನ ವಿಷಯ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ಅದರಲ್ಲಿ ಅವಮಾನ ಏನೂ ಇಲ್ಲ, ಮುಚ್ಚಿಟ್ಟು ನಾನು ಕಳಕೊಂಡಿದ್ದೇ ಜಾಸ್ತಿ.

ನಾಳೆ ಬೆಳಗ್ಗೆ ಆರಕ್ಕೆ ಡೇರಿ ಬಾಗಿಲು ತೆಗೀಬೇಕು, ಹೊರಡ್ತೀನಿ.